ಜೀಪಿನ ಹಿಂದೆ ತೂಗಿದ ಸೈಕಲ್ಲು

ನೆನಪನ್ನು ನಂಬಬಾರದು ಎಂದು ನಾನು ತರಗತಿಯಲ್ಲಿ ಪಾಠ ಹೇಳುತ್ತೇನೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ನಾನು ಗಳಿಸಿದ್ದು ಇಷ್ಟೇ: ದೇವರು, ಜ್ಯೋತಿಷ್ಯ, ದಿನಪತ್ರಿಕೆ, ಹೋಟೆಲಿನವರು ಚಹಾಕ್ಕೆ ಹಾಕುವ ಹಾಲು, ಎಲ್ಲದರ ಮೇಲೂ ಸಂಶಯ. ಆದರೆ ಸ್ವಂತ ನೆನಪಿನ ಮಾತು ಬಂದಾಗ ಮಾತ್ರ ನಾನು ಪಕ್ಕಾ ಭಕ್ತನಾಗಿದ್ದೆ. ಅದರ ಫಲವಾಗಿ ಒಂದು ಬೆಳಿಗ್ಗೆ ಮಸ್ಕಿಯ ಬಜಾರಿನಲ್ಲಿ ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವಿವರಗಳು ಅಲ್ಲಲ್ಲಿ ಹಿಂದುಮುಂದಾಗಿರಬಹುದು. ನನ್ನ ಹೆಂಡತಿ ಗೌರಮ್ಮ ಇದನ್ನು ಬೇರೆ ರೀತಿ ಹೇಳುತ್ತಾಳೆ. ಕೇಳಿದವರು ಆಕೆಯನ್ನೇ ನಂಬುತ್ತಾರೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಸಿಂಧನೂರಿನಲ್ಲಿ, ನನ್ನ ಕಾಲೇಜು ಲಿಂಗಸುಗೂರಿನಲ್ಲಿ, ನಡುವೆ ಮಸ್ಕಿ. ಗೌರಮ್ಮನಿಗೆ ಮಸ್ಕಿಯ ಒಳಗಿನ ಹಳ್ಳಿಯೊಂದರ ಶಾಲೆಗೆ ಟೀಚರ್ ಕೆಲಸದ ಆರ್ಡರ್ ಬಂತು. ಮಸ್ಕಿತನಕ ಬಸ್ಸು; ಮುಂದೆ ಕಾಲುವೆಯ ಒಡ್ಡಿನ ಮೇಲಿನ ಕಾಲುದಾರಿ. ಅಲ್ಲಿ ಜೀಪೂ ಹೋಗದು, ಟ್ರ್ಯಾಕ್ಟರೂ ಹೋಗದು. ನಡೆದು ಹೋಗಿ ಹೋಗಿ ತಡವಾಗತೊಡಗಿತು. ಇನ್ನೊಮ್ಮೆ ಪ್ರಾರ್ಥನೆ ತಪ್ಪಿಸಿದರೆ ಹಾಜರಿಗೆ ಸಹಿ ಮಾಡಿಸುವುದಿಲ್ಲ, ಮೇಲಿನವರಿಗೆ ಬರೆಯುತ್ತೇನೆ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟರು. ಹೊಸ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ಗೌರಮ್ಮ ಅಳುತ್ತ ಕೂಡುವವಳಲ್ಲ. ಒಂದು ಲೇಡೀಸ್ ಸೈಕಲ್ಲು ಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಸಿಂಧನೂರಿನ ಬಯಲಿನಲ್ಲಿ ಬಿದ್ದು ಎದ್ದು ಕಲಿತೇಬಿಟ್ಟಳು.

ಆ ಸೈಕಲ್ಲನ್ನು ಮಸ್ಕಿಗೆ ಮುಟ್ಟಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ದಢೇಸುಗೂರಿನ ರೈತರೊಬ್ಬರಿಂದ ಕೊಂಡ ಹಳೇ ಜೀಪು ನನ್ನಲ್ಲಿತ್ತು. ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಆಕೆಯನ್ನೂ ಸೈಕಲ್ಲನ್ನೂ ಮಸ್ಕಿಯಲ್ಲಿ ಇಳಿಸಿ, ಸಂಜೆ ಎರಡನ್ನೂ ಮರಳಿ ಮನೆಗೆ ತರುವುದೆಂದು ಲೆಕ್ಕ. ಸೈಕಲ್ಲನ್ನು ಒಳಗಿಟ್ಟು ನೋಡಿದೆವು. ಪೆಡಲು ಗೌರಮ್ಮನ ಬೆನ್ನಿಗೆ ಒತ್ತಿತು, ಹ್ಯಾಂಡಲ್ಲು ನನ್ನ ಮೊಣಕೈ ಬಳಿ ಬಂದು ಗೇರು ಬದಲಿಸಿದಾಗೆಲ್ಲ ಬೆಲ್ಲು ಬಾರಿಸಿತು. ಮೇಲೆ ಇಡೋಣವೆಂದರೆ ಜೀಪಿನ ಟಪ್ಪು ಬರೀ ಕ್ಯಾನ್ವಾಸು, ಭಾರ ತಡೆಯದು. ಹಿಂದುಗಡೆ ಭತ್ತದ ಟ್ರೇಲರ್ ಎಳೆಯಲು ಕೂಡಿಸಿದ್ದ ಕೊಕ್ಕೆ ಕಣ್ಣಿಗೆ ಬಿತ್ತು. ಅದಕ್ಕೊಂದು ಸ್ಟ್ಯಾಂಡು ಸಿಕ್ಕಿಸಿ ಸೈಕಲ್ಲನ್ನು ಒಯ್ಯಬೇಕು ಎಂದು ತೀರ್ಮಾನಿಸಿದೆ.

ಎಂಥ ಸ್ಟ್ಯಾಂಡು ಎಂಬುದು ಮುಂದಿನ ಪ್ರಶ್ನೆ. ಮಸ್ಕಿಯ ಗ್ಯಾರೇಜಿನವರು ಎರಡು ಗಾಲಿಯೂ ಕೂಡುವಂಥ ಕಬ್ಬಿಣದ ಪಟ್ಟಿ ಮಾಡಿಸಿ ಸೈಕಲ್ಲನ್ನು ನಿಲ್ಲಿಸಿಬಿಡಿ ಎಂದರು. ಲಿಂಗಸುಗೂರಿನವರು ಮಲಗಿಸಿ ಕಟ್ಟಿರಿ ಎಂದರು. ನಿಲ್ಲಿಸಿದರೆ ನಮ್ಮ ರಸ್ತೆಯ ತಗ್ಗಿಗೆ ಅದು ಜಿಗಿದು ಇಳಿದುಬಿಟ್ಟೀತು. ಮಲಗಿಸಿದರೆ ಓಣಿಯ ಎಮ್ಮೆಗಳಿಗೆ ತಿವಿದೀತು. ಚಹಾದಂಗಡಿಯ ಟೇಬಲ್ಲಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿಂದ ನಕ್ಷೆ ಬರೆದು ಬರೆದು ವಾರಗಳನ್ನು ಕಳೆದೆ. ಕೊನೆಗೆ ನೆನಪು ಕೈಹಿಡಿಯಿತು. ಧಾರವಾಡದ ಗ್ರಂಥಾಲಯದಲ್ಲಿ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಕಂಡ ಚಿತ್ರ: ಕಾರಿನ ಹಿಂದೆ ಎರಡು ಕಬ್ಬಿಣದ ತೋಳು, ಅವಕ್ಕೆ ಸೀಟು, ಹ್ಯಾಂಡಲ್ಲುಗಳ ನಡುವಿನ ಅಡ್ಡ ಪೈಪು ಸಿಕ್ಕಿಸಿ ತೂಗುವ ಸೈಕಲ್ಲು. ಸಿಂಧನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಹಾಗೆಯೇ ಮಾಡಿಸಿದೆ. ಗೌರಮ್ಮ ತನ್ನ ಸೈಕಲ್ಲನ್ನು ಕಲಿಯಲು ಬಯಲಿಗೆ ಒಯ್ದಿದ್ದರಿಂದ ಅಳತೆಗೆ ನನ್ನ ಗಂಡಸರ ಸೈಕಲ್ಲನ್ನೇ ಒಯ್ದಿದ್ದೆ. ಬಲು ಚೆನ್ನಾಗಿ ಕೂತಿತು.

ಸೈಕಲ್ಲು ಒಯ್ಯುವ ಮೊದಲ ದಿನ ಬೆಳಿಗ್ಗೆ ಗೌರಮ್ಮ ಜರಿಯಂಚಿನ ಸೀರೆಯುಟ್ಟು, ಸೈಕಲ್ಲಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದಳು. ಎತ್ತಿ ತೂಗುಹಾಕಲು ಹೋದೆ. ಲೇಡೀಸ್ ಸೈಕಲ್ಲಿಗೆ ಆ ನಡುವಿನ ಪೈಪೇ ಇರುವುದಿಲ್ಲ. ಇದು ಹುಟ್ಟಿದಾರಭ್ಯ ನೋಡಿದ ಸಂಗತಿ. ಆದರೂ ನನ್ನ ನೆನಪಿನ ಚಿತ್ರದಲ್ಲಿದ್ದ ಸೈಕಲ್ಲಿಗೆ ಪೈಪು ಇತ್ತಲ್ಲ. ಹೊತ್ತು ಏರುತ್ತಿತ್ತು. ಮನೆಯಲ್ಲಿದ್ದ ಹಗ್ಗವನ್ನೆಲ್ಲ ತಂದು ಸಿಕ್ಕಸಿಕ್ಕಲ್ಲಿ ಗಂಟು ಹಾಕಿದೆ. ತಲೆಕೆಳಗಾಗಿ, ಮಾಲೆ ಸಮೇತ, ಸಂತೆಗೆ ಹೊರಟ ಕೋಳಿಯಂತೆ ಸೈಕಲ್ಲು ಜೋತುಬಿತ್ತು.

ಮಸ್ಕಿ ಮುಟ್ಟುವಷ್ಟರಲ್ಲಿ ಗಂಟುಗಳು ಕಲ್ಲಾಗಿದ್ದವು. ಬಿಚ್ಚಲು ಕೂತಾಗ ಜನ ಸೇರಿದರು. ಆಗ ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು ಕೊಡುವ ರೂಢಿ. ಹೂವಿನ ಮಾಲೆ ಹಾಕಿದ ಹೊಸ ಸೈಕಲ್ಲು, ಪಕ್ಕದಲ್ಲಿ ಜರಿ ಸೀರೆ ಕಂಡರೆ ಜನ ಇನ್ನೇನು ತಿಳಿಯಬೇಕು? ಪಟಕಾ ಸುತ್ತಿದ ಹಿರಿಯರೊಬ್ಬರು ಬೀಗರು ಯಾವೂರಿನವರೆಂದು ಕೇಳಿದರು. ಇನ್ನೊಬ್ಬರು ವಾಚು, ರೇಡಿಯೋ ಕೂಡ ಒಪ್ಪಿಕೊಂಡಿದ್ದೀರಾ ಎಂದು ವಿಚಾರಿಸಿದರು. ನನಗೆ ರೇಗಿತು. ಹಗ್ಗ ಬಿಟ್ಟು ಎದ್ದು ನಿಂತು ವರದಕ್ಷಿಣೆಯ ವಿರುದ್ಧ ಒಂದು ಭಾಷಣವನ್ನೇ ಮಾಡಿದೆ. ಎಲ್ಲರೂ ತಲೆದೂಗಿ ಕೇಳಿದರು. ಮುಗಿದ ಮೇಲೆ ಹಿರಿಯರು, "ಅದೆಲ್ಲಾ ಖರೆ ಐತ್ರಿ. ಆದ್ರ ಮದುಮಗ ಯಾರು?" ಎಂದರು.

ಗಂಟಿನೊಂದಿಗೆ ಗುದ್ದಾಡುತ್ತಿದ್ದ ಗೌರಮ್ಮ ತಲೆಯೆತ್ತದೆ, "ಇವರ ನೋಡ್ರಿ. ಭಾಷಣ ಮುಗದಿದ್ರ ಹಗ್ಗ ಬಿಚ್ಚಾಕ ಹೇಳ್ರಿ" ಅಂದಳು.

ಗದ್ದಲ ಕೇಳಿ ಆಕೆಯ ಸೋದರಮಾವ ಶಿವಪ್ಪನವರು ಬಂದರು. ಬಜಾರಿನಲ್ಲೇ ಅವರ ಬಟ್ಟೆ ಅಂಗಡಿ. ಅರಿವೆ ಕತ್ತರಿಸುವ ಕತ್ತರಿಯಿಂದ ಹಗ್ಗ ಕತ್ತರಿಸಿ ಸೈಕಲ್ಲನ್ನು ಇಳಿಸಿಕೊಂಡು, ಬಹಳ ಮೆತ್ತಗೆ ಕೇಳಿದರು: "ಅಳಿಯಂದ್ರ, ಇದನ್ನ ನನ್ನ ಅಂಗಡ್ಯಾಗ ಬಿಟ್ಟು ಹೋದ್ರ ಆಗ್ತಿತ್ತಲ್ರಿ. ದಿನಾ ರಾತ್ರಿ ಸಿಂಧನೂರಿಗೆ ಕರಕೊಂಡು ಹೋಗಿ ಇದಕ್ಕ ಏನು ಉಣಸೋರಿದ್ರಿ?"

"ನಾ ಸೈಕಲ್ ತಂದ ದಿನಾನ ಅಂದಿದ್ನಿ, ಮಾವ. ಇವರು ಹೂಂ ಅಂದಿದ್ರು" ಎಂದಳು ಗೌರಮ್ಮ.

ಹೂಂ ಅಂದಿದ್ದೆನೇ? ನನಗೆ ನೆನಪಿಲ್ಲ. ನೆನಪಿಲ್ಲ ಎನ್ನುವುದನ್ನು ಅಷ್ಟು ಜನರ ಮುಂದೆ ಹೇಳುವ ಧೈರ್ಯವೂ ಆಗಲಿಲ್ಲ. ಆಕೆ ಮಾಲೆಯನ್ನು ಕಿತ್ತು ನನ್ನ ಕೈಗೆ ಕೊಟ್ಟು, ಹ್ಯಾಂಡಲ್ಲು ಒಂದು ಕಡೆ ಗಾಲಿ ಇನ್ನೊಂದು ಕಡೆ ತಿರುಗಿದ್ದ ಆ ಸೈಕಲ್ಲನ್ನು ಹತ್ತಿ ಒಡ್ಡಿನ ಕಡೆ ಹೋದಳು. ಮಾಲೆ ಹಿಡಿದು ನಿಂತ ನನ್ನನ್ನು ಜನ ಈಗ ನಿಜವಾಗಿಯೂ ಮದುಮಗನೆಂಬಂತೆ ನೋಡಿದರು.

ಆ ದಿನ ಲಿಂಗಸುಗೂರಿನಲ್ಲಿ ಏನು ಪಾಠ ಮಾಡಿದೆನೋ ತಿಳಿಯದು. ನಾಚಿಕೆ ಎಂಬುದು ಹೊಸ ಚಪ್ಪಲಿಯ ಹಾಗೆ, ಕೂತಾಗ ಸುಮ್ಮನಿದ್ದು ಹೆಜ್ಜೆ ಇಟ್ಟಾಗೆಲ್ಲ ಕಚ್ಚುತ್ತಿತ್ತು. ನನ್ನ ಸ್ಟ್ಯಾಂಡಿನ ದೆಸೆಯಿಂದ ಆಕೆಯ ನೌಕರಿ ಹೋದರೆ? ಸಂಜೆ ಮಸ್ಕಿಗೆ ಬಂದೆ. ಗೌರಮ್ಮ ಸೈಕಲ್ಲನ್ನು ಮಾವನ ಅಂಗಡಿಯಲ್ಲಿ ಒರಗಿಸಿ ಜೀಪು ಹತ್ತಿದಳು. ಶಾಲೆಯಲ್ಲಿ ಏನಾಯಿತೆಂದು ಕೇಳಿದೆ.

"ಪ್ರಾರ್ಥನಾ ಮುಗದಿತ್ತು. ಆದ್ರೂ ಸಹಿ ಮಾಡಸ್ಯಾರ."

"ಏನಂತ ಹೇಳಿದಿ?"

"ಮನ್ಯಾಗ ಯಜಮಾನರಿಗೆ ಆರಾಮಿಲ್ಲ ಅಂದ್ನಿ. ಏನಾಗೇತಿ ಅಂದ್ರು. ಮರವಿನ ಬ್ಯಾನಿ ಅಂದ್ನಿ. ಪಾಪ, ಭಾಳ ಮರುಗಿದ್ರು."

ಮುಂದೆ ಆಕೆಗೆ ತಡವಾಗಲಿಲ್ಲ. ಕೆಲ ದಿನಗಳ ಮೇಲೆ ಮಸ್ಕಿ ಬಸ್‌ಸ್ಟ್ಯಾಂಡಿನ ಬಳಿ ಆ ಹೆಡ್‌ಮಾಸ್ತರರು ಸಿಕ್ಕರು. ಗೌರಮ್ಮ ಕೆಲಸಕ್ಕೆ ಸೇರಿದ ದಿನ ನಾವಿಬ್ಬರೂ ಗಂಟೆಗಟ್ಟಲೆ ಹರಟಿದ್ದೆವು. ಈಗ ಅವರು ನನ್ನ ಕೈ ಹಿಡಿದು, ಕಿವುಡರೊಂದಿಗೆ ಮಾತಾಡುವಂತೆ ಒಂದೊಂದೇ ಶಬ್ದ ಬಿಡಿಸಿ, "ನನ್ನ ಗುರುತು ಸಿಕ್ತೇನ್ರಿ, ಸರ?" ಎಂದರು. ಸಿಕ್ಕಿತು ಎನ್ನಬಹುದಿತ್ತು. ಆದರೆ ಗೌರಮ್ಮನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ಇಲ್ರಿ. ಯಾರು ತಾವು?" ಎಂದೆ.

ಅವರ ಕಣ್ಣುಗಳು ತೇವವಾದವು. ಬೆನ್ನು ತಟ್ಟಿ, ತೋಳು ಹಿಡಿದು, ಬಸ್ಸುಗಳನ್ನು ಕೈಮಾಡಿ ನಿಲ್ಲಿಸಿ, ನನ್ನನ್ನು ಜೋಪಾನವಾಗಿ ರಸ್ತೆ ದಾಟಿಸಿದರು. ನನ್ನ ಜೀಪು ನಿಂತಿದ್ದದ್ದು ನಾವು ಬಿಟ್ಟುಬಂದ ಬದಿಯಲ್ಲೇ. ಅವರು ಮರೆಯಾಗುವತನಕ ಏನೂ ತೋಚದವನಂತೆ ನಿಂತಿದ್ದು, ಆಮೇಲೆ ಒಬ್ಬನೇ ದಾಟಿ ಬಂದೆ.