ಕೋಬಾಲ್ ಪರ ನಾನು ವಾದಿಸಿದ ಭಾನುವಾರ

ಹೊಳೆನರಸೀಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಎಂಟು ವರ್ಷ ಕೋಬಾಲ್ ಕಲಿಸಿದವನು. ಕಂಪ್ಯೂಟರಿಗೆ ಕೆಲಸ ಹೇಳುವ ಹಳೆಯ ಭಾಷೆ ಅದು. ನನಗೆ ಬರುತ್ತಿದ್ದದ್ದೂ ಅದೊಂದೇ!

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಮಾಲೀಕ ರಂಗಣ್ಣ ನನ್ನನ್ನು ಕರೆದರು.

"ಮೇಷ್ಟ್ರೇ, ಮುಂದಿನ ಬ್ಯಾಚಿಂದ ಕೋಬಾಲ್ ನಿಲ್ಸಿ ಜಾವಾ ಶುರು ಮಾಡಾವ. ಉಡುಗ್ರು ಅದ್ನೇ ಕೇಳ್ತಾವ್ರೆ."

"ಚರ್ಚೆ ಇಡಿ. ಗೆದ್ದ ಭಾಷೆ ಉಳೀಲಿ!" ಎಂದೆ. ಸೋಲುವ ಯೋಚನೆಯೇ ನನಗಿರಲಿಲ್ಲ.

ಎದುರಾಳಿ, ಜಾವಾ ಕಲಿಸಲು ಅರಕಲಗೂಡಿನಿಂದ ಹೊಸದಾಗಿ ಬಂದಿದ್ದ ಲತಾ ಮೇಡಂ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಾಳೆಗಿರಲಿ ಎಂದು ಹೆಂಡತಿ ಸಾವಿತ್ರಿಯನ್ನೂ ಕರೆದೊಯ್ದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು.

ಅರ್ಧ ಗಂಟೆ ಭಾಷಣ ಬಿಗಿದೆ. "ಕೋಬಾಲ್‌ಗೆ ಸಾವಿಲ್ಲ! ಮೂವತ್ತು ವಿದ್ಯಾರ್ಥಿಗಳ ಹೆಸರನ್ನು ಈಗಲೇ ಅಚ್ಚು ಮಾಡಿಸುತ್ತೇನೆ, ನೋಡಿ!" ಎಂದು ಗುಂಡಿ ಒತ್ತಿದೆ. ಪರದೆಯ ಮೇಲೆ ತಪ್ಪುಗಳ ಪಟ್ಟಿ ಹರಿಯಿತು. ಹರಿಯುತ್ತಲೇ ಇತ್ತು!

ಬೆವರು ಒರೆಸಿಕೊಂಡು ಪ್ರೋಗ್ರಾಮನ್ನು ತೆರೆದು ಹುಡುಕಿದೆ. ಏನೂ ಸಿಗಲಿಲ್ಲ. ಮುಂದಿನ ಬೆಂಚಿನಿಂದ ಸಾವಿತ್ರಿ ಕನ್ನಡಕ ಸರಿಮಾಡಿಕೊಂಡು, "ರೀ, ಎಲ್ಲಾ ಸಾಲಿಗೂ ಪೂರ್ಣವಿರಾಮ ಇದೆ. ಎರಡನೇದಕ್ಕೆ ಯಾಕಿಲ್ಲ?" ಎಂದಳು.

ಸಭೆ ನಕ್ಕಿತು. ಚುಕ್ಕಿ ಇಟ್ಟು ಮತ್ತೆ ಒತ್ತಿದೆ. ಈ ಸಲ ಪ್ರಿಂಟರ್ ಗರಗರ ಎಂದಿತು. ಮೂವತ್ತು ಹೆಸರು ಬಂದವು. ಮೂವತ್ತೂ ಪುಟ್ಟರಾಜು!

"ನಾನೊಬ್ನೇ ಇರಾದು ಸಾ!" ಎಂದು ಪುಟ್ಟರಾಜು ಎದ್ದು ನಿಂತ.

ಲತಾ ಮೇಡಂ ಸರದಿ ಬಂದಾಗ ಕರೆಂಟ್ ಹೋಯಿತು. ನನಗೆ ಒಳಗೊಳಗೇ ಹಿಗ್ಗು! ಆಕೆ ಸೀಮೆಸುಣ್ಣ ಎತ್ತಿಕೊಂಡರು. ಹತ್ತೇ ನಿಮಿಷದಲ್ಲಿ ಜಾವಾ ಏನೆಂದು ಎಲ್ಲರಿಗೂ ಅರ್ಥವಾಯಿತು. ದುರದೃಷ್ಟವಶಾತ್, ನನಗೂ!

ರಂಗಣ್ಣ ಕೈ ಎತ್ತಿಸಿದರು. ಎಲ್ಲ ಕೈಗಳೂ ಜಾವಾಕ್ಕೆ. ಸಾವಿತ್ರಿಯದೂ!

"ನೀನೂನಾ?"

"ಚೆನ್ನಾಗಿ ಹೇಳಿದ್ರು ಕಣ್ರೀ."

ರಾಜೀನಾಮೆಯ ಒಕ್ಕಣೆ ಯೋಚಿಸುತ್ತಾ ಚಪ್ಪಲಿ ಮೆಟ್ಟುತ್ತಿದ್ದೆ. ಲತಾ ಮೇಡಂ ಹಿಂದೆಯೇ ಬಂದರು.

"ಎಲ್ಲಿಗೆ ಹೊರಟ್ರಿ ಸಾ? ದೊಡ್ಡ ದೊಡ್ಡ ಆಫೀಸ್ನಲ್ಲಿ ಇನ್ನೂ ಕೋಬಾಲೇ ಓಡ್ತಿರೋದು. ಅದನ್ನ ನೋಡ್ಕೊಳ್ಳೋರು ಬೇಕಲ್ವಾ? ನಂಗಂತೂ ಬರಲ್ಲ. ಬೆಳಿಗ್ಗೆ ನೀವು ನಂಗೆ ಕೋಬಾಲ್ ಹೇಳ್ಕೊಡಿ, ಸಂಜೆ ನಾನು ನಿಮ್ಗೆ ಜಾವಾ ಹೇಳ್ಕೊಡ್ತೀನಿ."

ರಂಗಣ್ಣನವರೂ ಒಪ್ಪಿದರು.

ಹೊಸ ಬ್ಯಾಚ್ ಶುರುವಾದ ಸೋಮವಾರ ಸಂಜೆ ಹೊಸ ನೋಟ್‌ಬುಕ್ ಹಿಡಿದು ಲತಾ ಮೇಡಂ ಕ್ಲಾಸಿಗೆ ಹೋದೆ. ಎಷ್ಟೋ ವರ್ಷದ ಮೇಲೆ ಮನಸ್ಸು ಹಗುರವಾಗಿತ್ತು. ಒಬ್ಬ ವಿದ್ಯಾರ್ಥಿನಿ ಸರಿದು ಜಾಗ ಕೊಟ್ಟಳು.

"ಕೂತ್ಕಳಿ ಸಾ. ಡೌಟ್ ಬಂದ್ರೆ ನನ್ನ ಕೇಳಿ, ಸಂಕೋಚ ಮಾಡ್ಕಬ್ಯಾಡಿ."

ಸಂಕೋಚ ಮಾಡಿಕೊಳ್ಳಲಿಲ್ಲ. ಎರಡೇ ನಿಮಿಷಕ್ಕೆ ಕೇಳಿದೆ!