ಅರವತ್ತೆರಡು ಸೇರು ಆವರೇಜು

ಯುದ್ಧದ ಕಾಲದಲ್ಲಿ, ಹಲಸೂರು ಕೆರೆಯ ಆಚೆ ದಡದ ಒಂದು ಹೈಸ್ಕೂಲಿನಲ್ಲಿ, ಮಕ್ಕಳ ಆವರೇಜು ಹೇಗೆ ತೆಗೆಯಬೇಕೆಂಬುದನ್ನು ತೀರ್ಮಾನ ಮಾಡಿದವರು ಕಗ್ಗದಾಸಪುರದ ಬೈಲಪ್ಪನವರು. ಅವರಿಗೆ ಓದು ಬರಹ ಬಾರದೆಂಬುದು ಇದಕ್ಕೆ ಅಡ್ಡಿಯಾಗಲಿಲ್ಲ. ಇದನ್ನು ಸುಳ್ಳು ಎನ್ನಬಹುದಾಗಿದ್ದ ಹೆಡ್ಮಾಸ್ಟರು, ಗುಮಾಸ್ತ, ಇನ್‌ಸ್ಪೆಕ್ಟರು ಮೂವರೂ ತೀರಿಕೊಂಡಿರುವುದರಿಂದ, ಇದನ್ನು ನಿಜವೆಂದೇ ತಿಳಿಯತಕ್ಕದ್ದು.

ಬೈಲಪ್ಪನವರು ಜಗಲಿಯ ಮೇಲೆ ಕೂತು ಇದನ್ನು ಹೇಳುತ್ತಿದ್ದಾಗ, ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಮುನಿಲಕ್ಷ್ಮಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೇಳುತ್ತಿದ್ದಳು.

ನಡೆದದ್ದು ಇಷ್ಟು. ಬೈಲಪ್ಪನವರ ತಂಗಿಯ ಮಗಳು ಆಂಜನಮ್ಮ ಆ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಆ ಊರಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳೇ. ಅವಳಪ್ಪ ಸಂಜೀವಪ್ಪ, ಫೀಸು ಮಾಫಿಯಾದರೆ ಓದಲಿ, ಇಲ್ಲದಿದ್ದರೆ ವೈಶಾಖದಲ್ಲಿ ಕೃಷ್ಣರಾಜಪುರದಲ್ಲಿ ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿ, ಚಪ್ಪರದ ಗಳಗಳನ್ನು ಆಗಲೇ ತಂದು ಹಿತ್ತಲಿನ ಗೋಡೆಗೆ ಒರಗಿಸಿದ್ದ. ಹುಡುಗಿ ದಿನಾ ಬೆಳಗ್ಗೆ ಆ ಗಳಗಳನ್ನು ನೋಡಿಕೊಂಡೇ ಸ್ಕೂಲಿಗೆ ಹೋಗಬೇಕಾಗಿತ್ತು.

ಪರೀಕ್ಷೆ ಮುಗಿದ ಮೇಲೆ ಬೈಲಪ್ಪನವರು ಸ್ಕೂಲಿಗೆ ಹೋಗಿ, ಫೀಸು ಮಾಫಿಗೆ ಏನು ಬೇಕೆಂದು ಗುಮಾಸ್ತ ಮುನಿರಾಜಪ್ಪನನ್ನು ಕೇಳಿದರು. ಮುನಿರಾಜಪ್ಪ ತಲೆ ಎತ್ತದೆ, "ಅವರೇಜು ಅರವತ್ತಿರ್ಬೇಕು, ಅಷ್ಟೇಯ" ಎಂದ. ಹೊಲದ ಬದುವಿನಲ್ಲೇ ಬೆಳೆದ ಬೈಲಪ್ಪನವರ ಕಿವಿಗೆ ಅದರಲ್ಲಿ 'ಅವರೆ' ಸ್ಪಷ್ಟವಾಗಿ ಕೇಳಿಸಿತು. ಉಳಿದ 'ಜು' ಇಂಗ್ಲಿಷಿನವರು ಅಂಟಿಸಿದ ಬಾಲ ಎಂದುಕೊಂಡರು. ಸರ್ಕಾರ ಅವರೆಕಾಯಿ ಕೇಳುವುದು ಅವರಿಗೆ ವಿಚಿತ್ರವಾಗಿ ಕಾಣಲಿಲ್ಲ. ಹಿಂದಿನ ವರ್ಷ ಅದು ದಂಡಿಗೆ ಬೇಕೆಂದು ಹುಲ್ಲು ಕೇಳಿತ್ತು, ಅದಕ್ಕೂ ಮೊದಲು ಕುರಿ.

ಮಾರನೆಯ ದಿನ ಗಾಡಿ ಕಟ್ಟಿ, ಹೊಲದಲ್ಲಿ ಸಿಕ್ಕಷ್ಟನ್ನೂ ತಂದು ಹೆಡ್ಮಾಸ್ಟರ ಕೋಣೆಯ ಮುಂದೆ ಸುರಿದರು. ಎಳೆ ಬಿಸಿಲಿಗೆ ಕಾಯಿಯ ಸೊಗಡು ಹಜಾರದವರೆಗೂ ಹೋಗಿ, ಅಲ್ಲಿ ನಡೆಯುತ್ತಿದ್ದ ಪ್ರಾರ್ಥನೆ ನಿಂತಿತು. ರೇಷನ್ ಅಕ್ಕಿಯ ಅನ್ನಕ್ಕೆ ನೀರಿನಂಥ ಸಾರು ಕಲಸಿ ಉಂಡು ಉಂಡು ಸೊರಗಿದ್ದ ಹೆಡ್ಮಾಸ್ಟರು ಹೊರಗೆ ಬಂದರು.

"ಇದು ಯಾರದ್ದು?"

"ನಮ್ ಆಂಜನಮ್ಮನ ಅವರೇಜು, ಬುದ್ಧೀ."

ಹೆಡ್ಮಾಸ್ಟರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು. ತಿದ್ದುವುದಾಗಿದ್ದರೆ ಆಗಲೇ ತಿದ್ದಬಹುದಿತ್ತು. ಅವರು ತೂಗಿಸಲು ಹೇಳಿದರು. ರಸೆಲ್ ಮಾರುಕಟ್ಟೆಯಿಂದ ತಕ್ಕಡಿ ತರಿಸಲಾಯಿತು. ಓದಿದವರ ಕೈಗೆ ತಕ್ಕಡಿ ಕೊಟ್ಟು ಸುಮ್ಮನಿರುವಂತಿಲ್ಲ ಎಂದು ಅದರ ಯಜಮಾನ ಅನೀಸ್ ಸಾಹೇಬರೂ ಜೊತೆಗೇ ಬಂದರು. ಕಾಯಿ ಮೂವತ್ತೈದು ಸೇರು ತೂಗಿತು. ಆಂಜನಮ್ಮನ ಆವರೇಜು ಮೂವತ್ತೈದು ಎಂದು ಮುನಿರಾಜಪ್ಪ ಬರೆದುಕೊಂಡ.

ಆಂಜನಮ್ಮ ಮುಂದೆ ಬಂದು, ಎಲ್ಲ ಪಾಠದ ಅಂಕಗಳನ್ನೂ ಕೂಡಿಸಿ ಭಾಗಿಸಿ ನೋಡಿದ್ದೇನೆ ಎಂದಳು. "ನಂದು ಅರವತ್ತೆರಡು, ಸಾರ್."

"ಹಾಗಾದರೆ ಮಿಕ್ಕ ಇಪ್ಪತ್ತೇಳು ಸೇರು ಎಲ್ಲಮ್ಮ?" ಎಂದರು ಹೆಡ್ಮಾಸ್ಟರು.

ಗಣಿತದ ಮೇಷ್ಟ್ರು ಅವಳ ಪರವಾಗಿ ಏನೋ ಹೇಳಲು ಬಾಯಿ ತೆರೆದರು. ಬಾಯಲ್ಲಿ ನೀರೂರಿದ್ದರಿಂದ ಮಾತು ಹೊರಡಲಿಲ್ಲ. ಬೈಲಪ್ಪನವರ ಹೊಲದಲ್ಲಾದರೋ ಇನ್ನು ಬರೀ ಕಡ್ಡಿ.

ಅಷ್ಟರಲ್ಲಿ ವಿಮಾನದ ಕಾರ್ಖಾನೆಯ ಕಡೆ ಹೊರಟಿದ್ದ ಇನ್‌ಸ್ಪೆಕ್ಟರ ಜಟಕಾ ಸ್ಕೂಲಿನೊಳಗೆ ಬಂದು ನಿಂತಿತು. ಕುದುರೆ ಸೊಗಡಿಗೆ ಸೋತು ತಾನಾಗಿಯೇ ತಿರುಗಿತ್ತು. ಬೈಲಪ್ಪನವರು ಕೈ ಮುಗಿದು ಹೇಳಿದರು: "ಸ್ವಾಮೀ, ಇವ್ರು ಕಾಯಿ ತೂಗಿದ್ರು, ಸೊಗಡು ತೂಗ್ಲಿಲ್ಲ. ಆಳು ಕೂತಿರೋ ಜಟಕಾನೇ ಎಳ್ಕೊಂಬಂದೈತೆ ಅಂದ್ರೆ ಅದಕ್ಕೆ ತೂಕ ಇಲ್ಲ ಅಂತೀರಾ?"

ಇಲಾಖೆಯ ನಿಯಮಗಳಲ್ಲಿ ಇದಕ್ಕೆ ವಿರುದ್ಧವಾದದ್ದು ಯಾವುದೂ ಇನ್‌ಸ್ಪೆಕ್ಟರಿಗೆ ನೆನಪಾಗಲಿಲ್ಲ. ಅನೀಸ್ ಸಾಹೇಬರು ಕಾಯನ್ನೆಲ್ಲ ಕೆಳಗಿಳಿಸಿ, ಬರಿಯ ಸೊಗಡನ್ನು ತಟ್ಟೆಯಲ್ಲಿಟ್ಟು ತಕ್ಕಡಿ ಎತ್ತಿದರು. ತಟ್ಟೆ ಇಳಿಯಿತು. ಸರಿಯಾಗಿ ಇಪ್ಪತ್ತೇಳು ಸೇರು. ಸಾಹೇಬರ ಹೆಬ್ಬೆರಳು ಎಲ್ಲಿತ್ತೆಂದು ಯಾರೂ ನೋಡಲಿಲ್ಲ. ಆಂಜನಮ್ಮ ಮಾತ್ರ ನೋಡಿದಳು, ಅವಳು ಹೇಳಲಿಲ್ಲ.

ಹೀಗೆ ಅವಳ ಆವರೇಜು ಅರವತ್ತೆರಡೆಂದು ಸ್ಥಿರಪಟ್ಟಿತು. ಸಂಜೆಯೊಳಗೆ ಸ್ಕೂಲಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು:

"ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಆವರೇಜನ್ನು ಸಿಪ್ಪೆ ಸಮೇತ ಸ್ವೀಕರಿಸಲಾಗುವುದು. ಹುಳುಕು ಬಿದ್ದ ಆವರೇಜಿಗೆ ಅರ್ಧ ಅಂಕ ಮಾತ್ರ. ಸೊಗಡನ್ನು ಹೆಡ್ಮಾಸ್ಟರವರು ಖುದ್ದು ಮೂಸಿ ಪರೀಕ್ಷಿಸತಕ್ಕದ್ದು. ತೊಗರಿಕಾಯಿ ತಂದವರನ್ನು ನಕಲು ಹೊಡೆದವರೆಂದು ಭಾವಿಸಿ ಹೊರಗೆ ಹಾಕಲಾಗುವುದು."

ಯಾರೂ ತಕರಾರು ಮಾಡಲಿಲ್ಲ. ಬುದ್ಧಿವಂತ ಮಕ್ಕಳ ತಂದೆಯರು ಮೂಟೆ ಹೊತ್ತು ಬಂದರು, ದಡ್ಡ ಮಕ್ಕಳ ತಂದೆಯರು ಗಾಡಿ ಹೂಡಿಕೊಂಡು ಬಂದರು. ಗಣಿತದ ಮೇಷ್ಟ್ರು ಕಾಯಿ ಸುಲಿಯುವುದಕ್ಕೆ ಭಾಗಾಕಾರವೆಂದೂ, ನೆನೆಸಿ ಹಿಚುಕುವುದಕ್ಕೆ ದಶಾಂಶವೆಂದೂ ಹೆಸರಿಟ್ಟು ತರಗತಿಗೆ ಕಲಿಸಿದರು. ಆ ವರ್ಷ ಮೇಷ್ಟ್ರುಗಳೆಲ್ಲ ಒಂದು ಸುತ್ತು ದಪ್ಪವಾದರು. ಇಲಾಖೆ ಇದನ್ನು ವಿದ್ಯಾಭಿವೃದ್ಧಿಯೆಂದು ವರದಿ ಮಾಡಿತು. ಸಂಜೀವಪ್ಪ ಚಪ್ಪರದ ಗಳಗಳಿಗೆ ಪಡವಲ ಬಳ್ಳಿ ಹಬ್ಬಿಸಿದ.

ಇಲ್ಲಿಗೆ ಬೈಲಪ್ಪನವರು ಮುಗಿಸಿ, ಸುಲಿದ ಕಾಳಲ್ಲಿ ನಾಲ್ಕನ್ನು ಬಾಯಿಗೆ ಹಾಕಿಕೊಂಡರು.

ಮುನಿಲಕ್ಷ್ಮಮ್ಮ ಕೈ ನಿಲ್ಲಿಸಿದಳು. "ತಾತ, ಸೊಗಡವರೆ ಸಂಕ್ರಾಂತಿ ಕಳೆದ್ರೆ ಮುಗೀತು. ಪರೀಕ್ಷೆ ನಡೆಯೋದು ಯುಗಾದಿ ಹೊತ್ಗೆ. ಅಷ್ಟೊತ್ನಲ್ಲಿ ಗಾಡಿ ತುಂಬ ಹಸಿ ಕಾಯಿ ಎಲ್ಲಿಂದ ತಂದ್ರಿ?"

ಬೈಲಪ್ಪನವರು ಬಾಯಲ್ಲಿದ್ದ ಕಾಳು ನುಂಗಿದರು.

"ಅವ್ಳು ಅರವತ್ತೆರಡು ತೆಗ್ದಿದ್ದು ನಿಜ ಕಣವ್ವ. ಮಾಫಿ ಆಗಿದ್ದೂ ನಿಜ. ಆದ್ರೆ ಹೆಣ್ಣುಡ್ಗಿ ತಾನೇ ಓದಿ ತಗೊಂಡ್ಳು ಅಂತ ಒಂದೊರ್ಸ ಊರೆಲ್ಲ ಹೇಳ್ಕೊಂಡ್ ಬಂದೆ, ಅವ್ಳಪ್ಪನೂ ನಂಬ್ಲಿಲ್ಲ. ಅವರೆಕಾಯಿ ಕೊಟ್ಟೆ ಅಂದೆ. ಎಲ್ರೂ ನಂಬಿದ್ರು."

ಎಂದು ಭುಜ ಹಾರಿಸಿ, ಇನ್ನು ನಾಲ್ಕು ಕಾಳಿಗೆ ಕೈ ಚಾಚಿದರು.