ಯುರೋಪು ಕಾಯುವ ನಮ್ಮತ್ತೆ

ಯುರೋಪು ಖಂಡ ಇವತ್ತಿಗೂ ಇದ್ದಲ್ಲೇ ಇದೆಯೆಂದರೆ ಅದಕ್ಕೆ ಕಾರಣ ಕೂಟಗಲ್ಲಿನಲ್ಲಿ ಹುಟ್ಟಿದ ನಮ್ಮ ಸೋದರತ್ತೆ. ನಂಬಿಕೆ ಬರಲಿಲ್ಲವೇ? ಅಲ್ಲಿ ಈಗ ನೆಮ್ಮದಿಯೆಲ್ಲಿದೆ ಸ್ವಾಮಿ ಎನ್ನುತ್ತೀರಾ? ಅದಕ್ಕೂ ಕಾರಣ ಅವರೇ. ರಜೆ ಹಾಕಿ ಊರಿಗೆ ಬಂದು ಕೂತುಬಿಟ್ಟಿದ್ದರು!

ಅತ್ತೆ ಮೈಸೂರಿನಲ್ಲಿ ಎಂ.ಎ. ಮಾಡಿ, ದೆಹಲಿಯಲ್ಲಿ ಡಾಕ್ಟರೇಟು ಪಡೆದು, ಬ್ರಸೆಲ್ಸಿನ ಒಂದು ಸಂಶೋಧನಾ ಸಂಸ್ಥೆಗೆ ಸೇರಿದವರು. ಯುರೋಪಿನ ಭದ್ರತೆ, ರಕ್ಷಣೆ, ವಿದೇಶಾಂಗ ನೀತಿ ಅವರ ವಿಷಯ. ಹೊಳೆ, ಕೆರೆ, ಕಟ್ಟೆ ಬಿಟ್ಟರೆ ಬೇರೆ ನೀರನ್ನೇ ಕಾಣದ ತಾಲ್ಲೂಕಿನ ಹುಡುಗಿ ಬಾಲ್ಟಿಕ್ ಸಮುದ್ರದ ಕಾವಲಿನ ಬಗ್ಗೆ ದಪ್ಪ ಪುಸ್ತಕ ಬರೆದರು. ಇದು ಎಂಥ ಉದ್ಯೋಗ ಎನ್ನುವುದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ತಾತ ಇದ್ದಾಗ ಒಮ್ಮೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದರಂತೆ.

"ಪೊಲೀಸಾ?"

"ಅಲ್ಲಪ್ಪ."

"ಮಿಲ್ಟ್ರಿಯಾ?"

"ಅಲ್ಲಪ್ಪ. ದೇಶದೇಶಗಳು ಕಿತ್ತಾಡದಂಗೆ ಏನ್ಮಾಡ್ಬೇಕು ಅಂತ ಯೋಚ್ನೆ ಮಾಡೋದು, ಬರೆಯೋದು."

"ಓಹೋ, ಜಗಳ ಬುಡ್ಸೋ ಕೆಲ್ಸ! ಅದ್ಕೆ ಅಷ್ಟು ದೂರ ಯಾಕವ್ವ ಓಗ್ಬೇಕು? ನಮ್ಮೂರಲ್ಲಿ ಪುಕ್ಸಟ್ಟೆ ಮಾಡ್ತಾರೆ."

ಮದುವೆ ಮಾತುಕತೆಯ ಕಾಲದಲ್ಲಿ ಇನ್ನೂ ಫಜೀತಿ. ಮರಳವಾಡಿ ಕಡೆಯ ಗಂಡಿನವರು ಹುಡುಗಿಗೆ ಏನು ಕೆಲಸವೆಂದು ಕೇಳಿದರೆ ನಮ್ಮ ದೊಡ್ಡಪ್ಪ ಎದೆಯುಬ್ಬಿಸಿ "ಫಾರಿನ್ ಪಾಲಿಸಿ" ಅಂದರು. ಗಂಡಿನ ತಂದೆ ಕುರ್ಚಿಯನ್ನು ಒಸಿ ಮುಂದಕ್ಕೆ ಎಳೆದುಕೊಂಡು, "ಒಳ್ಳೇದಾಯ್ತು ಬುಡಿ. ನಮ್ ಟ್ರ್ಯಾಕ್ಟರ್‌ಗೆ ಒಂದು ಪಾಲಿಸಿ ಮಾಡ್ಸಬೇಕಿತ್ತು. ಆಕ್ಸಿಡೆಂಟ್ ಆದ್ರೆ ಬೇಗ ಕೊಡ್ತಾರಾ?" ಎಂದರು. ಅತ್ತೆ ಒಳಗಿನಿಂದಲೇ ನಕ್ಕ ನಗುವಿಗೆ ಆ ಸಂಬಂಧ ಮುರಿದುಬಿತ್ತು. ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಅತ್ತೆಗೆ ಅದರ ಕೊರಗೂ ಇರಲಿಲ್ಲ. ಒಂದು ಖಂಡವನ್ನೇ ಕಟ್ಟಿಕೊಂಡವರಿಗೆ ಮತ್ತೊಂದು ಸಂಸಾರ ಯಾಕೆ ಹೇಳಿ!

ಇಷ್ಟು ಓದಿದ ಹೆಂಗಸು ಚುರುಕಾಗಿರಬೇಕೆಂದು ನೀವು ಊಹಿಸಿದ್ದರೆ ಆ ಊಹೆಯನ್ನು ಇಲ್ಲಿಯೇ ಕೈಬಿಡಿ. ಅತ್ತೆ ಹುಟ್ಟಾ ಕನಸುಗಾರ್ತಿ. ನಡೆಯುತ್ತ ನಡೆಯುತ್ತ ನಿಂತುಬಿಡುತ್ತಾರೆ. ಕಣ್ಣುಗಳು ತೆರೆದೇ ಇರುತ್ತವೆ, ಆದರೆ ಅವುಗಳ ಹಿಂದೆ ಯಾರೂ ಇರುವುದಿಲ್ಲ! ರಾಮನಗರದ ಬಸ್ ನಿಲ್ದಾಣದಲ್ಲಿ ಒಂದು ದಿನ ಹೀಗೇ ಬಂಡೆಬೆಟ್ಟ ನೋಡುತ್ತ ನಿಂತರು. ಬೆಳಗಿನ ಮಂಜು ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡಿತ್ತು, ಬಂಡೆಗಳ ತಲೆಗಳು ಮಾತ್ರ ದ್ವೀಪಗಳ ಹಾಗೆ ತೇಲುತ್ತಿದ್ದವು. ಬಸ್ಸು ಬಂತು, ನಿಂತಿತು, ಜನ ಹತ್ತಿದರು. ಕಂಡಕ್ಟರು ಕೂಗಿದರು. "ಅಕ್ಕಾ, ಮೈಸೂರು! ಬತ್ತೀರೋ ಇಲ್ವೋ?"

"ಒಂದ್ನಿಮಿಷ ಇರಪ್ಪ. ಆ ಬೆಟ್ಟದ ತುದೀಲಿ ಒಂದು ರಾಡಾರ್ ಇಟ್ರೆ ಮೈಸೂರುಗಂಟ ಕಾಣ್ತೈತೆ ಅಲ್ವಾ?"

"ರಾಡಾರ್ ಯಾಕಕ್ಕಾ? ಬಸ್ ಹತ್ತಿದ್ರೂ ಕಾಣ್ತೈತೆ," ಎಂದು ಕಂಡಕ್ಟರು ರೈಟ್ ಹೇಳಿಯೇಬಿಟ್ಟರು.

ಅಡುಗೆಮನೆಗೆ ಬಂದರೂ ಅದೇ ಕಥೆ. ಅತ್ತೆ ರೊಟ್ಟಿ ತಟ್ಟಲು ಕೂತರೆ ಹಿಟ್ಟು ಒಂದು ಕಡೆ ಚಾಚಿ, ಇನ್ನೊಂದು ಕಡೆ ಕೊಲ್ಲಿಯಾಗಿ ಒಳಸರಿದು, ಮೂಲೆಯಲ್ಲಿ ಒಂದೆರಡು ದ್ವೀಪಗಳನ್ನೂ ಉದುರಿಸಿಕೊಂಡು ಹೆಂಚಿಗೆ ಬೀಳುತ್ತಿತ್ತು. "ಅರೆ, ಇದು ಥೇಟ್ ನಾರ್ವೆ!" ಎಂದು ಅವರು ಬೆರಗಿನಿಂದ ನೋಡುತ್ತಿರುವಾಗ ನಾರ್ವೆ ಸೀದುಹೋಗುತ್ತಿತ್ತು. ಅವರ ತಾಯಿ, ಅಂದರೆ ನಮ್ಮಜ್ಜಿ, ತಟ್ಟೆ ಹಿಡಿದು ಕಾದು ಕಾದು ಸಾಕಾಗಿ, "ನಂಗೆ ದೇಶ ಬ್ಯಾಡ ಕಣವ್ವ, ದುಂಡಗಿರೋದೊಂದು ಕೊಡು," ಅನ್ನುತ್ತಿದ್ದಳು.

ರಜೆಯೆಂದು ಬಂದವರು ತಿಂಗಳಾದರೂ ಹೊರಡಲಿಲ್ಲ. ಮಹಡಿಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಅಲ್ಲಿಂದಲೇ ಯುರೋಪು ಕಾಯತೊಡಗಿದರು. ನಮ್ಮ ಮಧ್ಯಾಹ್ನ ಅವರ ಆಫೀಸಿನ ಬೆಳಿಗ್ಗೆ. ಒಂದು ದಿನ ಬಹಳ ಗಂಭೀರವಾದ ಸಭೆ ನಡೆಯುತ್ತಿತ್ತಂತೆ. ಅಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ಈರುಳ್ಳಿ ಮಾರುವವನ ಗಾಡಿ ಧ್ವನಿವರ್ಧಕದಲ್ಲಿ ಮೊಳಗಿತು. ಪರದೆಯ ಮೇಲಿದ್ದ ತಜ್ಞರೆಲ್ಲ ಮಾತು ನಿಲ್ಲಿಸಿ ಬಿಳಿಚಿಕೊಂಡರು. ಅದು ಅಪಾಯದ ಸೈರನ್ನೇ, ನೀವು ನೆಲಮಾಳಿಗೆಗೆ ಹೋಗಬೇಕೇ ಎಂದು ಒಬ್ಬರು ಕೇಳಿದರು. ಅತ್ತೆ ವಿಷಯ ತಿಳಿಸಿದ ಮೇಲೆಯೇ ಅವರ ಮುಖಗಳಿಗೆ ಬಣ್ಣ ಮರಳಿದ್ದು. ಅಂದಿನಿಂದ ಅಲ್ಲಿಯ ಒಬ್ಬ ನಿವೃತ್ತ ಸೇನಾಧಿಕಾರಿ ಪ್ರತಿ ಸಭೆಯನ್ನೂ "ಈರುಳ್ಳಿಯವರು ಬಂದು ಹೋದರೇ?" ಎಂದು ವಿಚಾರಿಸಿಯೇ ಆರಂಭಿಸುತ್ತಿದ್ದರಂತೆ.

ಈಗ ನಮ್ಮ ಮನೆಯ ಒಳಗಿನ ಪರಿಸ್ಥಿತಿಯನ್ನು ಒಸಿ ಹೇಳಬೇಕು. ಒಂದೇ ಮನೆ, ನಡುವೆ ಒಂದು ಗೋಡೆ. ಈ ಕಡೆ ನಮ್ಮಪ್ಪ, ಆ ಕಡೆ ದೊಡ್ಡಪ್ಪ. ಇಬ್ಬರೂ ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ಕಾರಣ? ನನ್ನ ಅಕ್ಕನ ಮದುವೆಯ ಬೀಗರೂಟ! ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ದೊಡ್ಡಪ್ಪ ಬರುವ ಮೊದಲೇ ಅಪ್ಪ ಪಂಕ್ತಿ ಕೂರಿಸಿಬಿಟ್ಟರು. ಹಿರಿಯಣ್ಣ ಬಂದಾಗ ಜನ ಕೈ ತೊಳೆಯುತ್ತಿದ್ದರು. ಅವರು ಚಪ್ಪಲಿಯನ್ನೂ ಬಿಡದೆ ಹಿಂದಿರುಗಿದರು. ಅಷ್ಟೇ. ಆಮೇಲೆ ಹಬ್ಬವಾಗಲಿ, ಹರಿದಿನವಾಗಲಿ, ಅಮ್ಮ ಮತ್ತು ದೊಡ್ಡಮ್ಮನ ಬಾಯಿಂದಲೇ ಎಲ್ಲ ವ್ಯವಹಾರ. "ಮೋಟ್ರು ಆಫ್ ಮಾಡಕ್ಕೇಳು ಅವ್ನಿಗೆ," ಎಂದು ದೊಡ್ಡಪ್ಪ ಅಂದರೆ, ಎರಡು ಮಾರು ದೂರದಲ್ಲಿ ನಿಂತ ಅಪ್ಪ ಅದನ್ನು ಕೇಳಿಸಿಕೊಂಡೂ, ದೊಡ್ಡಮ್ಮ ಅಮ್ಮನಿಗೆ ಹೇಳಿ, ಅಮ್ಮ ತಮಗೆ ಹೇಳುವವರೆಗೆ ಕಾಯುತ್ತಿದ್ದರು. ಕೆರೆಯಷ್ಟು ನೀರು ಹರಿದುಹೋದರೂ ಸರಿ! ಅಜ್ಜಿ ಮಾತ್ರ ಮಧ್ಯಾಹ್ನ ಇಲ್ಲಿ, ರಾತ್ರಿ ಅಲ್ಲಿ ಉಂಡು ಜಗಲಿಯ ಮೇಲೆ ಮಲಗುತ್ತಿದ್ದಳು. "ನಮ್ಮವ್ವ ತಟಸ್ಥ ದೇಶ," ಎಂದು ಅತ್ತೆ ಹೇಳುತ್ತಿದ್ದರು.

ಕನಕಪುರದಲ್ಲಿ ಹೈಸ್ಕೂಲು ಮೇಷ್ಟ್ರಾದ ನಾನು ಒಂದು ಭಾನುವಾರ ಊರಿಗೆ ಹೋದಾಗ ಅತ್ತೆ ಚನ್ನಪಟ್ಟಣಕ್ಕೆ ಹೊರಟು ನಿಂತಿದ್ದರು, ನಾನೂ ಜೊತೆಗೆ ಹೋದೆ. ಅಲ್ಲಿ ಅತ್ತೆಯನ್ನು ನನಗಿಂತ ಹೆಚ್ಚು ಗೌರವದಿಂದ ಕಾಣುವ ಮುನೀರ್ ಸಾಬರಿದ್ದಾರೆ. ಬಣ್ಣದ ಗೊಂಬೆ ಮಾಡುವವರು, ಅತ್ತೆಯ ಜೊತೆ ಓದಿದವರು. ಅವರ ಬಳಿ ಅತ್ತೆ ಕೇಳಿದ್ದು ಆನೆ ಕುದುರೆಯನ್ನಲ್ಲ, ಯುದ್ಧನೌಕೆ, ಜಲಾಂತರ್ಗಾಮಿ ಮತ್ತು ಕ್ಷಿಪಣಿ! ತಜ್ಞರು ಮೇಜಿನ ಮೇಲೆ ನಕ್ಷೆ ಹರಡಿ, ತಾವೇ ಒಂದೊಂದು ದೇಶವಾಗಿ, ಬಿಕ್ಕಟ್ಟು ಬಂದರೆ ಏನು ಮಾಡಬೇಕೆಂದು ಆಡಿ ನೋಡುತ್ತಾರಂತೆ. ಅಂಥ ಒಂದು ಆಟವನ್ನು ಅತ್ತೆ ತಯಾರಿಸಬೇಕಿತ್ತು.

ಮುನೀರ್ ಸಾಬರು ಕಟ್ಟಿಗೆಯ ತುಂಡನ್ನು ತಿರುಗಿಸಿ ನೋಡುತ್ತ, "ಅಕ್ಕಾ, ನಿಮ್ ಜಲಾಂತರ್ಗಾಮಿ ಬದನೇಕಾಯಿ ಥರ ಆಯ್ತೈತೆ, ಪರವಾಗಿಲ್ವಾ?" ಎಂದರು.

"ಆಗ್ಲಿ ಬುಡಿ. ಕ್ಷಿಪಣಿಗೆ ಯಾವ ಬಣ್ಣ?"

"ತರಕಾರಿ ಬಣ್ಣನೇ. ಅರಿಶಿನ ಹಾಕಿ ಹಳದಿ ಮಾಡ್ತೀನಿ. ಮಕ್ಕಳು ಬಾಯಿಗಿಟ್ಕೊಂಡ್ರೂ ಏನೂ ಆಗಲ್ಲ."

ಮಧ್ಯಾಹ್ನದ ಹೊತ್ತಿಗೆ ಸಾಬರು ಎಲ್ಲ ಮಾಡಿಕೊಟ್ಟರು, ಅತ್ತೆ ಆ ಪುಟ್ಟ ಹಳದಿ ಕ್ಷಿಪಣಿಯನ್ನು ಊರು ತಲುಪುವವರೆಗೂ ಅಂಗೈಯಲ್ಲೇ ಇಟ್ಟುಕೊಂಡಿದ್ದರು. ದಾರಿಯಲ್ಲಿ ಕೆಂಗಲ್ ದಾಟುವಾಗ, "ಬಾಯಿಗಿಟ್ಕೊಂಡ್ರೂ ಏನೂ ಆಗಲ್ವಂತೆ ಕಣ್ಲಾ," ಎಂದು ನನಗೆ ಮೆಲ್ಲಗೆ ಅಂದರು.

ಆಟವನ್ನು ಯುರೋಪಿಗೆ ಕಳಿಸುವ ಮೊದಲು ಮನೆಯವರ ಮೇಲೆ ಪ್ರಯೋಗಿಸಬೇಕೆಂದು ಅತ್ತೆ ತೀರ್ಮಾನಿಸಿದರು. ಅಪ್ಪ ಸುಲಭವಾಗಿ ಒಪ್ಪಿದರು. ದೊಡ್ಡಪ್ಪ ಒಪ್ಪಬೇಕಲ್ಲ! "ಅವ್ನು ಕೂತ್ಕಡೆ ನಾನ್ ಕೂರಲ್ಲ ಕಣವ್ವ," ಎಂದು ಮುಖ ತಿರುಗಿಸಿದರು.

"ಅಣ್ಣಯ್ಯ, ಅಲ್ಲಿ ನೀನು ಅಣ್ಣ ಅಲ್ಲ, ಅವ್ನು ತಮ್ಮ ಅಲ್ಲ. ನೀನೊಂದು ದೇಶ, ಅವ್ನೊಂದು ದೇಶ."

ದೊಡ್ಡಪ್ಪ ಒಂದು ಗಳಿಗೆ ಯೋಚಿಸಿದರು. "ಯಾರ್ ದೇಶ ದೊಡ್ದು?"

"ನಿಂದೇ."

"ಹಂಗಾದ್ರೆ ಬತ್ತೀನಿ ಬುಡು."

ಸಂಜೆ ಅಂಗಳದಲ್ಲಿ ಅತ್ತೆ ಅಮ್ಮನ ಹಳೆಯ ನೀಲಿ ಸೀರೆಯನ್ನು ಹಾಸಿದರು. ಅದು ಸಮುದ್ರ. ಗಾಳಿ ಬಂದಾಗಲೆಲ್ಲ ಸೀರೆ ಉಬ್ಬಿ ಇಳಿದು ನಿಜವಾಗಿಯೂ ಅಲೆಯೇಳುತ್ತಿತ್ತು. ಒಂದು ದಡದಲ್ಲಿ ಅಪ್ಪ, ಎದುರು ದಡದಲ್ಲಿ ದೊಡ್ಡಪ್ಪ. ಅಮ್ಮ ಮತ್ತು ದೊಡ್ಡಮ್ಮ ರಾಯಭಾರಿಗಳು, ಅದು ಅವರಿಗೆ ಅಭ್ಯಾಸವಾದ ಕೆಲಸವೇ. ಅಜ್ಜಿ ನಡುವಿನ ದ್ವೀಪ. ಎರಡೂ ಕಡೆಯ ನೌಕೆಗಳು ದ್ವೀಪದ ಬಳಿ ಲಂಗರು ಹಾಕಲು ಅನುಮತಿ ಕೇಳಿದವು.

"ಎಷ್ಟು ಜನ ಬಂದವ್ರೆ?" ಅಂದಳು ಅಜ್ಜಿ.

"ಯಾಕವ್ವ?"

"ಮುದ್ದೆಗೆ ಎಸರಿಡಕ್ಕೆ!"

ಇಂಥ ದ್ವೀಪವಿರುವ ಸಮುದ್ರದಲ್ಲಿ ಯುದ್ಧ ಮಾಡುವುದಾದರೂ ಹೇಗೆ? ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ತಜ್ಞರ ದನಿಯಲ್ಲಿ ಬಿಕ್ಕಟ್ಟನ್ನು ಘೋಷಿಸಿದರು. ಸಮುದ್ರದ ಮೇಲೆ ದಟ್ಟ ಮಂಜು. ಅಪ್ಪನ ದೇಶದ ಹಡಗು ಬಂಡೆಗೆ ಬಡಿದಿದೆ, ನಾವಿಕರು ನೀರಿಗೆ ಬಿದ್ದಿದ್ದಾರೆ. ಹತ್ತಿರವಿರುವುದು ದೊಡ್ಡಪ್ಪನ ಹಡಗು ಮಾತ್ರ.

ಅಪ್ಪ ವಾಡಿಕೆಯಂತೆ ಅಮ್ಮನ ಕಡೆ ತಿರುಗಿದರು. "ಅವ್ರ ಹಡಗು ಕಳ್ಸಕ್ಕೇಳು." ಅಮ್ಮ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಅಲ್ಲಿರಲಿಲ್ಲ! ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ಅತ್ತೆ ಅವರ ಕಿವಿಯಲ್ಲಿ ಹೇಳಿ ಒಳಗೆ ಕಳಿಸಿದ್ದರು. ಒಲೆಯ ಮೇಲೆ ಹಾಲೇ ಇರಲಿಲ್ಲವೆಂದು ದೊಡ್ಡಮ್ಮ ಆಮೇಲೆ ಹೇಳಿದರು.

"ರಾಯಭಾರಿ ಇಲ್ಲ. ನಾವಿಕರು ಮುಳುಗ್ತಾ ಅವ್ರೆ," ಎಂದರು ಅತ್ತೆ ಮೆಲ್ಲಗೆ.

 ಅಪ್ಪ ಸೀರೆಯ ಮೇಲೆ ವಾಲಿಕೊಂಡಿದ್ದ ಆ ಕೆಂಪು ಮರದ ಹಡಗನ್ನೇ ನೋಡುತ್ತಿದ್ದರು. 

"ಅಣ್ಣಯ್ಯ," ಎಂದರು. "ಹಡಗು ಮುಳುಗ್ತೈತೆ."

ದೊಡ್ಡಪ್ಪ ತಲೆ ತಗ್ಗಿಸಿಯೇ ತಮ್ಮ ಹಡಗನ್ನು ಒಂದು ಬೆರಳಿನಿಂದ ನೀಲಿ ಸೀರೆಯ ಮೇಲೆ ತಳ್ಳುತ್ತ ಬಂದರು. ಅದು ಅಪ್ಪನ ಹಡಗಿನ ಪಕ್ಕಕ್ಕೆ ಬಂದು ನಿಂತಿತು.

"ಮುಳುಗೋಗಂಟ ಸುಮ್ಕಿದ್ಯೇನ್ಲಾ? ಮೊದ್ಲೇ ಕರ್ದಿದ್ರೆ ಬತ್ತಿರ್ಲಿಲ್ವಾ ನಾನು?"

"ಕರೆದ್ರೆ ಬತ್ತೀಯ ಅಂತ ಯಾರ್ಗೊತ್ತು?"

"ಅವತ್ತೂ ಹಿಂಗೇ ಮಾಡ್ದೆ ನೀನು. ಬಸ್ ಕೆಟ್ಟೋಗಿ ಬಿಸ್ಲಲ್ಲಿ ನಡ್ಕಂಡ್ ಬಂದೆ ಕಣ್ಲಾ. ಒಸಿ ಕಾಯಕ್ಕಾಗ್ಲಿಲ್ವಾ?"

"ಬಸ್ ಕೆಟ್ಟೋಗಿತ್ತಾ?" ಅಪ್ಪನ ದನಿ ಏರಿತು. "ಹಂಗಂತ ಹೇಳ್ದಾ ನೀನು? ಚಪ್ಲಿನೂ ಬುಡ್ದೆ ಹೊಂಟೋದೆ!"

ಮಾತಿಗೆ ಮಾತು ಬೆಳೆಯಿತು. ಏಳೆಂಟು ವರ್ಷದ ಬಾಕಿ ಮಾತು! ನಾನು ಅತ್ತೆಗಾಗಿ ಸುತ್ತ ನೋಡಿದರೆ ಅವರಿಲ್ಲ. ಹುಡುಕುತ್ತ ಮಹಡಿಗೆ ಹೋದೆ. ದೂರದ ಬಂಡೆಗಳ ಮೇಲೆ ಕೊನೆಯ ಬಿಸಿಲು ಕೇಸರಿಯಾಗಿ ಹರಡಿತ್ತು. ಅತ್ತೆ ಗೋಡೆಗೊರಗಿ ನಿಂತು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಎಂದೂ ಕಂಡವನಲ್ಲ.

"ಯಾಕತ್ತೆ? ಗೆದ್ಬುಟ್ಟೆಯಲ್ಲ!"

ಅತ್ತೆ ಮುಖ ಒರೆಸಿಕೊಂಡು ಹೇಳಿದರು. "ಅಲ್ಲಿ ಯುದ್ಧ ಶುರುವಾದ ದಿನ ಬೆಳಿಗ್ಗೆ ನನ್ ಜೊತೆ ಕೆಲ್ಸ ಮಾಡೋ ಹುಡುಗಿ ಫೋನ್ ಮಾಡಿದ್ಲು ಕಣೋ. ಅವಳೂರಿನ ಮೇಲೇ ಬಾಂಬ್ ಬೀಳ್ತಿತ್ತು. 'ನಮ್ಮಮ್ಮ ಮನೆ ಬುಟ್ಟು ಬರಲ್ಲ ಅಂತಾವ್ಳೆ, ಏನ್ ಹೇಳ್ಲಿ ಅವಳಿಗೆ?' ಅಂತ ಕೇಳಿದ್ಲು. ಅಷ್ಟು ವರ್ಷ ಓದಿದ್ದೆ, ಬರೆದಿದ್ದೆ. ಒಂದು ತಾಯಿಗೆ ಏನು ಹೇಳ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ. ಇಬ್ರೂ ಫೋನ್ ಹಿಡ್ಕಂಡು ಸುಮ್ನೆ ಕೂತಿದ್ವಿ. ಆಮೇಲಿಂದ ಏನ್ ಬರೆಯಕ್ಕೆ ಕೂತ್ರೂ ಆ ಮೌನನೇ ಕೇಳ್ತಿತ್ತು. ಅದ್ಕೇ ಊರಿಗೆ ಬಂದ್ಬುಟ್ಟೆ."

"ಆ ಅಮ್ಮ ಈಗ?"

"ಕೊನೆಗೂ ಮನೆ ಬುಟ್ಟು ಬಂದು ಮಗಳ ಹತ್ರಾನೇ ಅವ್ರೆ. ದಿನಾ ಊರಿನ ಜಪ ಮಾಡ್ತಾರಂತೆ."

 ಕೆಳಗೆ ಜಗಳ ಜೋರಾಗಿತ್ತು. ಅಮ್ಮ ಗಾಬರಿಯಾಗಿ, "ಲೋ, ಬಂದು ಇವ್ರನ್ನ ಬುಡ್ಸೋ!" ಎಂದು ನನ್ನನ್ನು ಕೂಗಿದರು. ನಾನು ಮೆಟ್ಟಿಲ ಕಡೆ ಹೊರಟೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹೋಗ್ಬ್ಯಾಡ ಕಣೋ. ಒಸಿ ಕೇಳೋಣ ಇರು."

ನಾವಿಬ್ಬರೂ ಅಲ್ಲೇ ಕೂತೆವು. ಬೆಟ್ಟಗಳ ಬಣ್ಣ ಮಾಸಿ ನೀಲಿಯಾಯಿತು. ಅಂಗಳದಲ್ಲಿ ನಮ್ಮಪ್ಪನೂ ದೊಡ್ಡಪ್ಪನೂ ಬಾಯಿ ತುಂಬ ಬೈದುಕೊಳ್ಳುತ್ತಲೇ ಇದ್ದರು, ನಡುನಡುವೆ ಯಾರೋ ಒಬ್ಬರು ಗದ್ಗದವಾಗಿ ನಿಲ್ಲಿಸುತ್ತಿದ್ದರು, ಮತ್ತೆ ಶುರುಮಾಡುತ್ತಿದ್ದರು. ಅಷ್ಟು ಇಂಪಾದ ಜಗಳವನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.